ಬೆಟ್ಟದ ಮಗ್ಗುಲು

ಐದೂವರೆ ಅಡಿಯ ಒಂದು ಕೋಲನ್ನು ಬಸ್ಸಿನಲ್ಲಿ ನಿಲ್ಲಿಸಿಕೊಂಡು ಹೋಗಬೇಕೋ ಮಲಗಿಸಿಕೊಂಡು ಹೋಗಬೇಕೋ ಎಂಬ ಗಹನವಾದ ಪ್ರಶ್ನೆ ಸಾವಿರದ ಒಂಬೈನೂರ ನಲವತ್ತಮೂರರ ಸಂಕ್ರಾಂತಿ ಕಳೆದ ನಾಲ್ಕನೆಯ ದಿನ ಬೆಳಿಗ್ಗೆ ಹಲಗೂರಿನಲ್ಲಿ ಎದ್ದಿತು. ದೊಡ್ಡ ದೊಡ್ಡ ದೇಶಗಳು ತಮ್ಮ ಗಡಿ ಎಲ್ಲಿರಬೇಕೆಂಬುದನ್ನು ಗುಂಡು ಹಾರಿಸಿ ತೀರ್ಮಾನಿಸುತ್ತಿದ್ದ ಕಾಲ. ಹಾಗೆಂದು ಹಲಗೂರಿನ ಪ್ರಶ್ನೆಯ ತೂಕ ಕಡಿಮೆಯೆಂದು ಯಾರೂ ತಿಳಿಯಬೇಕಾಗಿಲ್ಲ. ನಿಲ್ಲಿಸಿದರೆ ಕೋಲಿನ ತುದಿ ಚಾವಣಿಗೆ ತಾಗುತ್ತದೆ, ಚಾವಣಿ ತಗಡಿನದು, ಬಿಸಿಲೇರಿದಂತೆ ತಗಡು ಕಾಯುತ್ತದೆ, ಕಾದ ತಗಡಿಗೆ ತಾಗಿದ ತುದಿ ಸೀಳುಬಿಡುತ್ತದೆ. ಮಲಗಿಸಿದರೆ ಜನ ತುಳಿಯುತ್ತಾರೆ. ಮೇಲೆ ಮೂಟೆಗಳ ಜೊತೆ ಹಾಕಿದರೆ ಬಿಸಿಲೂ ಉಂಟು, ಮೂಟೆಯೂ ಉಂಟು. ಈ ಮೂರೂ ಪಕ್ಷಗಳನ್ನು ಮುದ್ದಯ್ಯ ಬಾಗಿಲ ಮೆಟ್ಟಿಲ ಮೇಲೆ ನಿಂತು ಮನಸ್ಸಿನಲ್ಲೇ ತೂಗುತ್ತಿದ್ದಾಗ ಕಂಡಕ್ಟರು ನಾಲ್ಕನೆಯದೊಂದನ್ನು ಮಂಡಿಸಿದ.

“ಕೆಳೀಕಿಳಿಯಯ್ಯ. ದೊಣ್ಣೆ ಇಡ್ಕಂಡು ಎಲ್ಲಿಗೊಂಟೆ, ಜಪಾನ್‌ನೋರ ಮೇಲಾ?”

ಬಸ್ಸು ನಕ್ಕಿತು.

“ದೊಣ್ಣೆ ಅಲ್ಲ ಕಣಪ್ಪ. ಬಿಲ್ಲಿನ ಮರ.”

“ಸರಿ, ಬಾಣ ಎಲ್ಲಿ?”

ಬಸ್ಸು ಇನ್ನೊಮ್ಮೆ ನಕ್ಕಿತು. ಮುದ್ದಯ್ಯನಿಗೆ ಐವತ್ತು ವರ್ಷ. ಬಿಲ್ಲಿಗಾಗುವ ಮರವನ್ನು ಬೆಟ್ಟದಲ್ಲಿ ಹುಡುಕಿ, ಕಡಿದು, ಸೀಳಿ, ಒಣಗಿಸಿ, ಮಳವಳ್ಳಿಯಲ್ಲಿ ಬಿಲ್ಲು ಮಾಡುವ ಕಮಾನ್‌ಗಾರ್ ಗೌಸ್ ಪೀರ್ ಸಾಬರಿಗೆ ಒಪ್ಪಿಸುವುದು ಅವನ ಕಸುಬು. ಆ ಸೀಮೆಯಲ್ಲಿ ಈ ಕಸುಬಿನವರು ಇಬ್ಬರೇ ಉಳಿದಿದ್ದರು. ಒಬ್ಬ ತಾನು, ಇನ್ನೊಬ್ಬ ತನ್ನ ಹೆಂಡತಿಯ ತಮ್ಮ ಮರಿಸಿದ್ದಯ್ಯ. ಬಸ್ಸಿನ ನಗೆಯೊಳಗೆ ಸೇರದ ಒಂದೇ ಮುಖವನ್ನು ಹುಡುಕಿಕೊಂಡು ಮುದ್ದಯ್ಯನ ಕಣ್ಣು ಹೋದಾಗ ಅದು ಡ್ರೈವರನ ಹಿಂದಿನ ಸೀಟಿನಲ್ಲಿ ಸಿಕ್ಕಿತು: ಆ ಇನ್ನೊಬ್ಬನೇ, ಎರಡು ಮಂಡಿಗಳ ನಡುವೆ ಒಂದು ಕೋಲನ್ನು ನಿಲ್ಲಿಸಿಕೊಂಡು, ಮುಂದಿನ ಗಾಜನ್ನೇ ನೋಡುತ್ತ ಕೂತಿದ್ದ. ಕೋಲಿಗೆ ಬುಡದಿಂದ ತುದಿಯವರೆಗೆ ಕಂಬಳಿ ಸುತ್ತಿತ್ತು; ತುದಿಯಲ್ಲಿ ಕಂಬಳಿಯದೇ ಒಂದು ದಪ್ಪ ಮಡಿಕೆ ಮೆತ್ತಗೆ ಚಾವಣಿಗೆ ಒತ್ತಿಕೊಂಡಿತ್ತು. ಕಂಡಕ್ಟರು ಅವನಿಗೇನೂ ಹೇಳಿದಂತೆ ಕಾಣಲಿಲ್ಲ. ಭಯವಾಗುವ ಮೊದಲು ಮುದ್ದಯ್ಯನಿಗೆ ಅನ್ನಿಸಿದ್ದು ಇಷ್ಟೇ: ಕಂಬಳಿಯ ಯೋಚನೆ ತನಗೇಕೆ ಬರಲಿಲ್ಲ?

ಪೆಟ್ರೋಲು ಯುದ್ಧಕ್ಕೆ ಹೊರಟುಹೋದ ಮೇಲೆ ಬಸ್ಸುಗಳು ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಓಡಾಡುತ್ತಿದ್ದವು. ಓಡುವುದೆಂದರೆ ದಿಣ್ಣೆ ಬಂದಲ್ಲಿ ಜನ ಇಳಿದು ಪಕ್ಕದಲ್ಲಿ ನಡೆಯುವುದು. ಮುದ್ದಯ್ಯ ಕೊನೆಗೆ ಹಿಂದಿನ ಸೀಟಿನ ಮೂಲೆಯಲ್ಲಿ, ಒಲೆಯ ಬಿಸಿ ತಗಡಿಗೆ ಬೆನ್ನು ಕೊಟ್ಟು, ಕೋಲನ್ನು ಎದೆಗೆ ಓರೆಯಾಗಿ ಅವುಚಿಕೊಂಡು ಕೂತ. ಪಕ್ಕದ ಹೆಂಗಸು ಅವನ ಕೋಲಿನ ತುದಿಯಿಂದ ತನ್ನ ಕಿವಿಯೋಲೆಯನ್ನು ಕಾಪಾಡಿಕೊಳ್ಳಲು ಸೆರಗು ಮುಚ್ಚಿಕೊಂಡಳು. ಮರಿಸಿದ್ದ ಯಾಕೆ ಬಂದ? ಅವನ ಸೀಳು ಇನ್ನೂ ಒಣಗಿಲ್ಲವೆಂದು ಅವನೇ ಹೇಳಿಕಳಿಸಿದ್ದನಲ್ಲ. ಒಣಗದ ಕೋಲನ್ನು ಕಂಬಳಿ ಸುತ್ತಿ ಮಳವಳ್ಳಿಗೆ ಮೆರವಣಿಗೆ ಮಾಡಿಸುವುದು ಯಾತಕ್ಕೆ? ಇಂಥ ಪ್ರಶ್ನೆಗಳನ್ನು ಮುದ್ದಯ್ಯ ಕೇಳಿಕೊಂಡದ್ದು ಉತ್ತರ ಗೊತ್ತಿಲ್ಲದವನ ಹಾಗೆ. ಉತ್ತರ ಅವನ ಎದೆಯ ಮೇಲೇ ಒರಗಿತ್ತು. ಆ ಎರಡು ಕೋಲುಗಳೂ ಒಂದೇ ಮರದ ಎರಡು ಸೀಳುಗಳು. ಹತ್ತಿರ ಬಂದರೆ ಅವು ಒಂದರ ಮೇಲೊಂದು ಚಾಡಿ ಹೇಳುತ್ತವೆ.

ತಡಸಲು ಮರ. ಸಂಸ್ಕೃತದವರು ಬಿಲ್ಲಿನ ಹೆಸರನ್ನೇ ಅದಕ್ಕೆ ಇಟ್ಟಿದ್ದಾರೆಂದು ಊರಿನ ಮೇಷ್ಟರು ಒಮ್ಮೆ ಹೇಳಿದ್ದರು. ಮೇಷ್ಟರಿಗೆ ಹೆಸರು ಗೊತ್ತಿತ್ತು, ಮರ ತೋರಿಸಿದರೆ ಗುರುತು ಸಿಗುತ್ತಿರಲಿಲ್ಲ. ಮಾಘದಲ್ಲಿ ಎಲೆಯೆಲ್ಲ ಉದುರಿ ಮರದ ನೀರು ಬುಡಕ್ಕಿಳಿದ ಮೇಲೆ, ಕತ್ತಲ ಪಕ್ಷದಲ್ಲಿ, ಕಡಿಯಬೇಕು. ಬೆಳದಿಂಗಳಲ್ಲಿ ಕಡಿದದ್ದಕ್ಕೆ ಹುಳು ಬೀಳುತ್ತದೆ. ತೊಡೆಗಾತ್ರ ಇರಬೇಕು. ತೊಗಟೆಯ ಗೆರೆ ಹಗ್ಗದಂತೆ ಸುತ್ತಿಕೊಂಡಿದ್ದರೆ ಮುಂದೆ ನಡೆಯಬೇಕು, ನೇರವಾಗಿ ಇಳಿದಿದ್ದರೆ ನಿಲ್ಲಬೇಕು. ಗರಗಸ ಮುಟ್ಟಿಸುವ ಹಾಗಿಲ್ಲ. ಗರಗಸ ತನಗೆ ಬೇಕಾದ ದಾರಿಯಲ್ಲಿ ಹೋಗುತ್ತದೆ. ಬೆಣೆ ಮಾತ್ರ ಮರದ ದಾರಿಯಲ್ಲಿ ಹೋಗುತ್ತದೆ. ಕೊಡತಿಯಿಂದ ಬೆಣೆ ಹೊಡೆಯುತ್ತ ಹೋದರೆ ಮರ ತನ್ನಷ್ಟಕ್ಕೆ, ಒಳಗೆ ಯಾರೋ ಬಾಗಿಲು ತೆಗೆದ ಹಾಗೆ, ಎರಡಾಗುತ್ತದೆ. ಆ ಎರಡರಲ್ಲಿ ಒಂದು ಬಿಲ್ಲು, ಇನ್ನೊಂದು ಬರೀ ಕೋಲು. ಇಳಿಜಾರಿನಲ್ಲಿ ನಿಂತ ಮರ ಹುಟ್ಟಿದಾಗಿನಿಂದ ಹಳ್ಳದ ಕಡೆ ಬೀಳಲು ಹೊರಟಿರುತ್ತದೆ. ಬೆಟ್ಟದ ಕಡೆಯ ಮಗ್ಗುಲು ಅದನ್ನು ಹಗಲೂ ರಾತ್ರಿ ಹಿಂದಕ್ಕೆ ಎಳೆದು ಹಿಡಿದಿರುತ್ತದೆ. ಆದ್ದರಿಂದ ಎಳೆದರೆ ವಾಪಸು ಬರುವ ವಿದ್ಯೆ ಬೆಟ್ಟದ ಮಗ್ಗುಲಿಗೆ ಗೊತ್ತು. ಹಳ್ಳದ ಮಗ್ಗುಲಿಗೆ ಹೊರುವುದೊಂದೇ ಗೊತ್ತು. ಬಗ್ಗಿಸಿದರೆ ಬಗ್ಗಿಕೊಂಡೇ ಇರುತ್ತದೆ. ಮರ ನೆಲಕ್ಕೆ ಬಿದ್ದು ಉರುಳಿದ ಮೇಲೆ ಯಾವುದು ಯಾವ ಕಡೆಯೆಂದು ತಿಳಿಯದಾಗುತ್ತದೆಂದು, ನಿಂತಿರುವಾಗಲೇ ಬೆಟ್ಟದ ಕಡೆಗೆ ಎಲೆಅಡಿಕೆಯ ಸುಣ್ಣದಿಂದ ಒಂದು ಬೆರಳು ಗುರುತು ಹಾಕುತ್ತಾರೆ. ಸುಣ್ಣದ ಸೀಳು ಒಂದು ವರ್ಷ ಬಾವನಿಗೆ, ಒಂದು ವರ್ಷ ಬಾಮೈದನಿಗೆ. ಹನ್ನೊಂದು ವರ್ಷದಿಂದ ಹಾಗೆಯೇ ನಡೆದುಬಂದಿತ್ತು. ಹೋದ ಮಾಘ ಮರಿಸಿದ್ದಯ್ಯನ ಸರದಿ.

ಕಾಡಿನ ಗಾರ್ಡು ಮೇಲಿನ ದಾರಿಯಲ್ಲಿ ಬರುವನೇನೋ ಎಂದು ಬಂಡೆಯ ಮೇಲೆ ಕಾವಲಿಗೆ ನಿಂತವನು ಮುದ್ದಯ್ಯ. ಕೆಳಗೆ ಗುರುತು ಹಾಕಿ, ಕಡಿದು ಕೆಡವಿದವನು ಮರಿಸಿದ್ದ. ಇಬ್ಬರೂ ಸೇರಿ ಕೊಂಬೆ ಸವರಿ ಮರವನ್ನು ಹಳ್ಳದ ಮರಳಿನವರೆಗೂ ಉರುಳಿಸಿದರು. ಬೆವರು ಸುರಿಯುತ್ತಿದ್ದ ಮರಿಸಿದ್ದ ನೀರು ಕುಡಿಯಲು ಗುಂಡಿಯ ಕಡೆ ಬಗ್ಗಿದ. ಅವನ ಬೆನ್ನು, ಬೆನ್ನುಮೂಳೆಯ ಮಣಿಗಳು ಒಂದೊಂದಾಗಿ. ಮುದ್ದಯ್ಯನ ಕೈ ಹಸಿ ಸೊಪ್ಪಿನಿಂದ ಸುಣ್ಣವನ್ನು ಒರೆಸಿತು. ಅದೇ ಕೈ ತನ್ನ ಸುಣ್ಣದ ಡಬ್ಬಿಗೆ ಹೋಗಿ ಬಂದು ಎದುರು ಮಗ್ಗುಲಿಗೆ ಗುರುತು ಹಾಕಿತು. ಮರಿಸಿದ್ದ ಎರಡು ಬೊಗಸೆ ನೀರು ಕುಡಿದು ಮೂರನೆಯದನ್ನು ಮುಖಕ್ಕೆ ಎರಚಿಕೊಳ್ಳುವುದರೊಳಗೆ ಕೆಲಸ ಮುಗಿದಿತ್ತು. ಇದಕ್ಕೆ ಮೊದಲು ಮುದ್ದಯ್ಯ ಹಾಗೆ ಮಾಡಿದವನಲ್ಲ. ಒಂದು ಸಲ ಮಾಡಿದ್ದ. ಗೌಸ್ ಪೀರ್ ಸಾಬರಿಗೆ ತುರ್ತಾಗಿ ಬೇಕಿದ್ದ ಆ ಇನ್ನೊಂದು ವರ್ಷವನ್ನೂ ಲೆಕ್ಕಕ್ಕೆ ಹಿಡಿದರೆ ಎರಡು ಸಲ.

ದಿಣ್ಣೆ ಬಂತು. ಜನ ಇಳಿದರು. ಕೋಲುಗಳನ್ನು ಹೆಗಲ ಮೇಲಿಟ್ಟುಕೊಂಡು ಬಾವ ಬಾಮೈದ ಇಬ್ಬರೂ ಬಸ್ಸಿನ ಎಡಕ್ಕೊಬ್ಬರು ಬಲಕ್ಕೊಬ್ಬರು ನಡೆದರು. ಹೊಗೆ ಬಲಕ್ಕೆ ಬರುತ್ತಿತ್ತು, ಬಲಕ್ಕಿದ್ದವನು ಮುದ್ದಯ್ಯ. ದಿಣ್ಣೆಯ ನೆತ್ತಿಯಲ್ಲಿ ಬಸ್ಸು ನಿಂತು ಉಸಿರಾಡುತ್ತಿದ್ದಾಗ ಮರಿಸಿದ್ದಯ್ಯ ಹಿಂಬದಿಯಿಂದ ಸುತ್ತಿಕೊಂಡು ಬಂದ.

“ಏನ್ ಬಾವ, ನಿಂದು ಒಣಗ್ಯದೆ ಅಂದಂಗಾಯ್ತು.”

“ಒಣಗ್ಯದೆ.”

“ಒಂದೇ ಮಳೆಗೆ?”

“ನಂದು ಒಣಗ್ತು ಕಣ್ಲಾ. ನಿಂದು ಒಣಗ್ನಿಲ್ಲ ಅಂದ್ರೆ ನಾನೇನ್ ಮಾಡ್ಲಿ.”

“ಅದ್ನೇ ಸಾಬ್ರೂ ಕೇಳಿದ್ದು. ಒಂದೇ ಮರ, ಒಂದ್ ಸೀಳು ಒಣಗ್ಯದೆ ಅಂತಾನೆ, ಒಂದ್ ಸೀಳು ಇಲ್ಲ ಅಂತೀಯೆ, ಇದ್ಯಾವ ಸೀಮೆ ಮರ್ವಯ್ಯ, ಎಲ್ಡೂ ಒಟ್ಗೆ ನೋಡ್ತೀನಿ ತಕ್ಕಂಬಾ ಅಂತ ಏಳ್ ಕಳ್ಸವ್ರೆ.” ಮರಿಸಿದ್ದಯ್ಯ ಮುದ್ದಯ್ಯನ ಕೋಲಿನ ಹತ್ತಿರ ಮೂಗು ತಂದು ಒಮ್ಮೆ ಗಾಳಿ ಎಳೆದುಕೊಂಡ. “ಹರಳೆಣ್ಣೆ ಬಳ್ದಿದ್ದೀಯ?”

“ಬಳುದ್ರೆ?”

“ಏನಿಲ್ಲ ಬುಡು. ಬಾಣಂತಿ ವಾಸ್ನೆ ಬತ್ತದೆ.”

ಹರಳೆಣ್ಣೆಯ ಕೆಳಗೆ ಇನ್ನೊಂದು ವಾಸನೆ ಇತ್ತು. ಶಿವನಸಮುದ್ರದ ಕರೆಂಟು ಮನೆಯ ಒಬ್ಬ ಇಂಜಿನಿಯರ್ ದೊರೆಗೆ ಯುದ್ಧದಿಂದಾಗಿ ಬಂದೂಕಿನ ತೋಟಾ ಸಿಗದೆ ಹಂದಿ ಬೇಟೆ ನಿಂತುಹೋಗಿತ್ತು. ಯಾವುದೋ ಪುಸ್ತಕ ಓದಿದ ಅವರಿಗೆ ಹಿಂದಿನವರು ಬಿಲ್ಲಿನಲ್ಲೇ ಹಂದಿ ಹೊಡೆಯುತ್ತಿದ್ದರೆಂಬ ಜ್ಞಾನೋದಯವಾಗಿ, ಶಿವರಾತ್ರಿಯ ಹೊತ್ತಿಗೆ ಒಂದು ಬಿಲ್ಲು ಬೇಕೆಂದು ಗೌಸ್ ಪೀರ್‌ಗೆ ಹೇಳಿಕಳಿಸಿದ್ದರು. ದೀಪಾವಳಿಯಲ್ಲಿ ಆ ಸುದ್ದಿ ಬಂದಾಗ ಎರಡು ಸೀಳೂ ಒಂದೇ ಮಳೆಗಾಲ ಕಂಡಿದ್ದವು. ಎರಡು ಕಾಣಬೇಕು. ಮರಿಸಿದ್ದ ಆಗುವುದಿಲ್ಲವೆಂದ. ಮುದ್ದಯ್ಯ ಆಗುತ್ತದೆಂದ, ಅಂದುಬಿಟ್ಟ ಮೇಲೆ ಕೋಲನ್ನು ಹೊತ್ತುಕೊಂಡು, ರೈಲು ಹಿಡಿದು, ಮಗಳನ್ನು ಕೊಟ್ಟ ಯಲಿಯೂರಿಗೆ ಹೋದ. ಬೀಗರು ದೊಡ್ಡಸಿದ್ದಯ್ಯನವರದು ಆಲೆಮನೆ. ಕಬ್ಬಿನ ಹಾಲು ಹಗಲೂ ರಾತ್ರಿ ಕುದಿಯುವ ಕೊಪ್ಪರಿಗೆಯ ಮೇಲೆ, ಅಟ್ಟದ ಗಳುವಿಗೆ ಕಟ್ಟಿದರೆ ಮರದ ನೀರು ಆರು ವಾರದಲ್ಲಿ ಬಸಿದುಹೋಗುತ್ತದೆ ಎಂದು ಅವನ ಲೆಕ್ಕ. ನೆರಳಿನಲ್ಲಿ ಎರಡು ವರ್ಷ ಕಾಯುವುದು ಆಲೆಮನೆ ಇಲ್ಲದ ಬೆಟ್ಟದವರ ಶಾಸ್ತ್ರ ಎಂದೂ, ಬೀಗರು ಇಲ್ಲದ ಹಿರಿಯರು ಈ ಉಪಾಯ ಕಾಣದೆ ಹೋದರು ಎಂದೂ ರೈಲಿನಲ್ಲಿ ಕೂತು ತನಗೆ ತಾನೇ ಹೇಳಿಕೊಂಡಿದ್ದ. “ಏನ್ ಬೀಗ್ರೇ, ಹಬ್ಬಕ್ಕೆ ಬಾಳೆಗೊನೆ ತತ್ತಾರೆ ಅಂದ್ರೆ ಕೋಲು ತಂದವ್ರೆ, ನನ್ ಮಗನ್ಗೆ ನಾಲ್ಕು ಬಾರ್ಸಕ್ಕೊ?” ಎಂದು ದೊಡ್ಡಸಿದ್ದಯ್ಯ ಕೆಲಸದಾಳುಗಳ ಮುಂದೆ ಕೇಳಿದ್ದ. ಮಗಳು ಒಳಗಿನಿಂದ ಹೊರಬರಲಿಲ್ಲ. ಆರು ವಾರ ಬಿಟ್ಟು ಹೋದಾಗ ಆಳುಗಳು ನೊರೆ ಸೋಸುವ ಬಟ್ಟೆಗಳನ್ನು ಅದೇ ಕೋಲಿನ ಮೇಲೆ ಒಣಹಾಕಿದ್ದರು. ಮೂರು ಸಲ ತೊಳೆದ. ಎಣ್ಣೆ ಬಳಿದ. ತೂಗಿ ನೋಡಿದರೆ ಹಗುರವಾಗಿತ್ತು. ಹೊರಗಿನಿಂದ ಹಗುರವಾದದ್ದು ಒಳಗೂ ಆಗಿರಲೇಬೇಕೆಂದು ಇಲ್ಲ, ಇದು ಅವನಿಗೆ ಗೊತ್ತಿತ್ತು. ಬೆರಳಿನಿಂದ ಬಡಿದರೆ ಸದ್ದು ಎಲ್ಲಿಯೋ ಒಂದು ಕಡೆ ತಡವರಿಸುತ್ತಿತ್ತು. ಅವನು ಹೆಚ್ಚು ಬಡಿಯಲಿಲ್ಲ.

ಇವತ್ತು ಬೆಳಿಗ್ಗೆ ಹೊರಡುವಾಗ ಹೆಂಡತಿ ಚಿಕ್ಕನಂಜಮ್ಮ ಹೊಸ್ತಿಲಲ್ಲಿ ನಿಂತು ಅವನನ್ನೂ ಕೋಲನ್ನೂ ನೋಡಿದಳು. “ಸಾಬ್ರ ಮುಂದೆ ಮಾತು ಕಮ್ಮಿ ಆಡಿ” ಎಂದಳು. ಅಷ್ಟೇ. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಅವಳು ಹೇಳಿದ ಪ್ರತಿ ಮಾತಿಗೂ ಒಳಗೊಂದು ಕೋಣೆ ಇರುವಂತೆಯೂ, ತಾನು ಜಗಲಿಯಲ್ಲೇ ಕೂತು ಎದ್ದುಬಂದಂತೆಯೂ ಅವನಿಗೆ ಅನ್ನಿಸುವುದುಂಟು. ತನ್ನ ತಮ್ಮನಿಗೆ ಮೋಸವಾಗಿದೆಯೆಂದು ಅವಳಿಗೆ ತಿಳಿದರೆ? ಬೈಯುವವಳಲ್ಲ. ಬೈದರೆ ಎಷ್ಟೋ ವಾಸಿ. ಬಡಿಸುತ್ತಾಳೆ, ಮುದ್ದೆ ಹಾಕುತ್ತಾಳೆ, ಸಾರು ಹಾಕುತ್ತಾಳೆ, ಸಾಕೇ ಎಂದು ಕೇಳುವುದನ್ನು ಮಾತ್ರ ಬಿಡುತ್ತಾಳೆ. ಇನ್ನುಳಿದ ವರ್ಷಗಳಷ್ಟೂ, ಯಾರೂ ಸಾಕೇ ಎಂದು ಕೇಳದ ಊಟ. ಕೋಲನ್ನು ಕಿಟಕಿಯಿಂದ ಆಚೆಗೆ ಜಾರಿಸಿಬಿಡೋಣವೆಂದು ಒಂದು ಗಳಿಗೆ ಬಂತು. ಪಕ್ಕದ ಹೆಂಗಸು ಕಿಟಕಿ ಮುಚ್ಚಿಕೊಂಡು ನಿದ್ದೆ ಹೋಗಿದ್ದಳು.

ಗೌಸ್ ಪೀರ್ ಸಾಬರ ಮನೆ ಮಳವಳ್ಳಿಯ ಪೇಟೆಯ ಹಿಂದುಗಡೆ. ಅಜ್ಜನ ಕಾಲಕ್ಕೆ ಬಿಲ್ಲೇ ಕಸುಬು. ಅಪ್ಪನ ಕಾಲಕ್ಕೆ ಅರ್ಧ ಬಿಲ್ಲು, ಅರ್ಧ ಮಂಚದ ಕಾಲು. ಈಗ ತೊಟ್ಟಿಲು, ಕಡಗೋಲು, ಲಟ್ಟಣಿಗೆ, ವರ್ಷಕ್ಕೆ ಏಳೆಂಟು ಬಿಲ್ಲು. ತೊಟ್ಟಿಲಿನಷ್ಟು ಬೇಡಿಕೆ ಬಿಲ್ಲಿಗೆ ಇಲ್ಲವೆಂಬುದನ್ನು ಅವರು ಲೋಕ ಸುಧಾರಿಸಿದ್ದರ ಗುರುತೆಂದು ಭಾವಿಸದೆ, ತಮಗಾದ ಅವಮಾನವೆಂದೇ ಭಾವಿಸಿದ್ದರು. ಎಪ್ಪತ್ತು ದಾಟಿದ ಮನುಷ್ಯ. ಇಬ್ಬರೂ ಅಂಗಳಕ್ಕೆ ಬಂದು ನಿಂತದ್ದನ್ನು ನೋಡಿ, ಕಡೆಯುತ್ತಿದ್ದ ತೊಟ್ಟಿಲ ಕಾಲನ್ನು ಬಿಡದೆ, ಅದು ಮುಗಿಯುವವರೆಗೂ ತಲೆ ಎತ್ತಲಿಲ್ಲ. ಕುಳಿತುಕೊಳ್ಳಿರೆಂದೂ ಹೇಳಲಿಲ್ಲ. ಮರದ ಹೊಟ್ಟು ಮುದ್ದಯ್ಯನ ಕಾಲಿನ ಮೇಲೆ ಬಂದು ಬಂದು ಬಿತ್ತು. ಮರಿಸಿದ್ದಯ್ಯ ತನ್ನ ಕೋಲಿನ ಕಂಬಳಿ ಬಿಚ್ಚಿ ಗೋಡೆಗೆ ಒರಗಿಸಿದ, ಮುದ್ದಯ್ಯನೂ ಒರಗಿಸಬೇಕಾಯಿತು. ಎರಡರ ನಡುವೆ ಒಂದು ಮಾರು ಜಾಗ ಬಿಟ್ಟ.

“ಪಕ್ಕಪಕ್ಕ ಇಡ್ರಯ್ಯ. ಗಂಡ ಹೆಂಡ್ತಿ ಜಗಳ ಆಡ್ದಂಗೆ ಯಾಕೆ ನಿಲ್ಸಿದ್ದೀರಿ,” ಎಂದರು ಗೌಸ್ ಪೀರ್, ಇನ್ನೂ ತಲೆ ಎತ್ತದೆ.

ಮರಿಸಿದ್ದಯ್ಯ ತನ್ನದನ್ನು ಸರಿಸಿದ.

“ಯಾರ್ದಯ್ಯ ಒಣಗಿರೋದು?”

“ನಂದು ಸಾಬ್ರೇ,” ಎಂದ ಮುದ್ದಯ್ಯ. “ನೆಳ್ಳಲ್ಲೇ ಇಟ್ಟಿದ್ದೆ. ಗಾಳಿ ಚೆನ್ನಾಗಿತ್ತು ಈ ಸಲ. ಮೂಡ್ಲು ಗಾಳಿ. ಮೂಡ್ಲು ಗಾಳಿ ಬೀಸುದ್ರೆ ಮರ—”

“ಗಾಳಿ ಕತೆ ಕೇಳ್ದ್ನಾ ನಾನು?”

ಮಾತು ಕಮ್ಮಿ ಆಡಿ ಎಂದಿದ್ದಳು. ಮುದ್ದಯ್ಯ ಗೋಡೆಯ ಕಡೆ ನೋಡಿದ. ಗೋಡೆಯ ಬುಡದ ಒಂದು ಸಂದಿನಿಂದ ಸಣ್ಣ ಕಪ್ಪು ಗೆರೆಯೊಂದು ಹೊರಟು ಅಂಗಳದ ಕಲ್ಲಿನ ಮೇಲೆ ಹಾದು ಹೋಗುತ್ತಿತ್ತು. ಮೊದಲು ಅದು ಬಿರುಕೆಂದುಕೊಂಡ. ಬಿರುಕು ನಡೆಯುತ್ತಿತ್ತು. ಮರಿಸಿದ್ದಯ್ಯನ ಕೋಲಿನ ಬುಡವನ್ನು ಸುತ್ತುಹಾಕಿ, ಅದರಲ್ಲಿ ಯಾವ ಆಸಕ್ತಿಯೂ ಇಲ್ಲದೆ ಮುಂದುವರಿದು, ಮುದ್ದಯ್ಯನ ಕೋಲಿನ ಬುಡಕ್ಕೆ ಬಂದು, ಅಲ್ಲಿಂದ ನೇರ ಮೇಲೆ ಹತ್ತುತ್ತಿತ್ತು. ಆಗಲೇ ಎದೆಯೆತ್ತರಕ್ಕೆ ಬಂದಿತ್ತು. ಅವನು ಅದನ್ನು ನೋಡಿದ್ದನ್ನು ಬೇರೆ ಯಾರೂ ನೋಡಿರಲಿಕ್ಕಿಲ್ಲ. ಕಾಲಿನಿಂದ ಗೆರೆಯನ್ನು ಮೆಲ್ಲಗೆ ಒರೆಸಿದ. ಗೆರೆ ಎರಡಾಗಿ, ಗಾಬರಿಯಾಗಿ, ಮತ್ತೆ ಒಂದಾಯಿತು.

ಒಳಗಿನಿಂದ ಸುಲ್ತಾನ್ ಬೀ, ಗೌಸ್ ಪೀರ್ ಅವರ ಹೆಂಡತಿ, ನೀರಿನ ಚೊಂಬು ಹಿಡಿದು ಬಂದವರು ಅಲ್ಲೇ ನಿಂತರು.

“ಇದೇನ್ರೀ ಇರುವೆ! ಒಲೆ ಮನೇಲಿ ಸಕ್ಕರೆ ಡಬ್ಬಿ ಬಿಟ್ಟು ಎಲ್ಲಾ ಇಲ್ಲಿಗೆ ಬಂದವೆ. ಯಾರಪ್ಪ ಈ ಕೋಲು ತಂದೋನು?”

ಗೌಸ್ ಪೀರ್ ಎದ್ದು ಬಂದರು. ಕೋಲನ್ನು ಮುಟ್ಟಲಿಲ್ಲ. ಸೊಂಟದ ಮೇಲೆ ಕೈಯಿಟ್ಟುಕೊಂಡು, ಇರುವೆಗಳು ಹತ್ತುವುದನ್ನೂ ಇಳಿಯುವುದನ್ನೂ, ಇಳಿಯುವವು ಹತ್ತುವವುಗಳಿಗೆ ಮುಖ ತಾಗಿಸಿ ಸುದ್ದಿ ಹೇಳುವುದನ್ನೂ, ಬಹಳ ಹೊತ್ತು ನೋಡಿದರು. ಆಮೇಲೆ ನಾಲಗೆಯ ತುದಿಗೆ ಬೆರಳು ಮುಟ್ಟಿಸಿ, ಆ ಬೆರಳನ್ನು ಕೋಲಿಗೆ ಉಜ್ಜಿ, ಮತ್ತೆ ನಾಲಗೆಗೆ ಇಟ್ಟುಕೊಂಡರು.

“ಅಚ್ಚು ಬೆಲ್ಲ,” ಎಂದರು. “ಮಂಡ್ಯ ಕಡೇದು.”

ಮರಿಸಿದ್ದಯ್ಯ ಕಂಬಳಿಯನ್ನು ಬಾಯಿಗೆ ಒತ್ತಿಕೊಂಡ.

“ಸಕ್ಕರೆಗೆ ಚೀಟಿ ಹಿಡ್ಕೊಂಡು ಊರೆಲ್ಲಾ ಸಾಲು ನಿಂತದೆ,” ಎಂದರು ಸುಲ್ತಾನ್ ಬೀ. “ಈ ಕೋಲು ನಮ್ಗೇ ಇರ್ಲಿ ಬಿಡಿ. ಕಾಫಿಗೆ ಅಲ್ಲಾಡಿಸ್ಕೋಬೋದು.” ಅವರು ನೀರಿನ ಚೊಂಬನ್ನು ಮರಿಸಿದ್ದಯ್ಯನಿಗೆ ಕೊಟ್ಟು ಒಳಗೆ ಹೋದರು. ಒಳಗೆ ಯಾರೋ ಹೆಂಗಸರು ನಕ್ಕ ಸದ್ದು ಬಂತು. ಒಬ್ಬರಲ್ಲ, ಇಬ್ಬರು ಮೂವರು.

ಗೌಸ್ ಪೀರ್ ಕೋಲನ್ನು ಎತ್ತಿ ಅಡ್ಡಲಾಗಿ ಹಿಡಿದು ಗೆಣ್ಣಿನಿಂದ ಬಡಿದರು. ಒಂದು ತುದಿಯಿಂದ ಶುರುಮಾಡಿ ಗೇಣು ಗೇಣಿಗೆ. ಟಣ್, ಟಣ್, ಟಣ್, ಆಮೇಲೆ ಒಂದು ಕಡೆ ಒಡಕು ಮಡಕೆ ಬಡಿದಂತೆ ದೊಬ್ಬೆಂಬ ಸದ್ದು. ಅಲ್ಲೇ ಮತ್ತೊಮ್ಮೆ ಬಡಿದರು, ಮುದ್ದಯ್ಯನ ಮುಖ ನೋಡುತ್ತ. “ಆಲೆಮನೇಲಿ ನೇತಾಕಿದ್ದೆ. ಹೊರಗೆ ಬೆಂದು ಬಿಗ್ಕೊಂತು, ಒಳಗಿನ ನೀರು ಎಲ್ಲಿಗೆ ಹೋಗ್ತದೆ? ಒಳಗೇ ಸೀಳ್ಕೊಂತು. ಇ‌ದನ್ನ ಆ ದೊರೆ ಕೈಗೆ ಕೊಟ್ಟು, ಅವ್ರು ಎಳ್ದು, ಅದು ಮುರ್ದು ಅವ್ರ ಕಣ್ಣಿಗೆ ಹೊಡೆದ್ರೆ ಜೈಲಿಗೆ ನೀನು ಹೋಗ್ತೀಯೋ ನಾನೋ? ನಮ್ಮಜ್ಜನ ಕಾಲದಿಂದ ಈ ಅಂಗಳಕ್ಕೆ ಹುಳಾ ಬಿದ್ದ ಮರ ಬಂದದೆ, ಕಳ್ಳಮರ ಬಂದದೆ. ಬೇಯಿಸಿದ್ದು ಬಂದಿರ್ಲಿಲ್ಲ.”

ಇಷ್ಟಕ್ಕೇ ಮುಗಿದಿದ್ದರೆ! ಮುದ್ದಯ್ಯ ಆ ಗಳಿಗೆಯಲ್ಲಿ ನಿಜವಾಗಿಯೂ ಹಾಗೆ ಹಾರೈಸಿದ. ಬೆಲ್ಲದ ಅವಮಾನ ನಗೆಪಾಟಲಿನದು, ಊರಿನಲ್ಲಿ ಹಬ್ಬುತ್ತದೆ, ಮಕ್ಕಳು ಹಿಂದಿನಿಂದ ಇರುವೆ ಎಂದು ಕೂಗುತ್ತಾರೆ, ಮಳೆ ಬಂದರೆ ಮರೆಯುತ್ತಾರೆ. ಆದರೆ ಗೌಸ್ ಪೀರ್ ಎರಡೂ ಕೋಲುಗಳನ್ನು ಕಟ್ಟೆಯ ಮೇಲೆ ಜೋಡಿಸಿ ಮಲಗಿಸಿದರು. ಸೀಳಿದ ಮುಖಗಳು ಒಂದನ್ನೊಂದು ಮುಟ್ಟಿದವು. ಒಂದು ವರ್ಷದ ಮೇಲೆ, ಒಂದು ಬೆಂದು ಇನ್ನೊಂದು ನೆರಳಲ್ಲಿ ಕಾದು, ಆದರೂ ಅಂಗೈಗೆ ಅಂಗೈ ಕೂತಂತೆ ಕೂತವು. ಅಂಗಳದಲ್ಲಿ ಮತ್ತೆ ಅದೇ ಇಡೀ ಮರ ಇತ್ತು. ಹಳ್ಳದ ಮರಳು, ಗುಂಡಿಗೆ ಬಗ್ಗಿದ ಬೆನ್ನು. ಸೀಳು ಹಾಕಿದ ದಿನವೇ ಎರಡರ ತುದಿಗೂ ಸಗಣಿ ಮೆತ್ತಿ ಮೇಲೆ ಅರಗು ಬಳಿದಿದ್ದರು, ತುದಿಯಿಂದ ಬೇಗ ಆರಿ ಒಡೆಯದಿರಲೆಂದು. ಅರಗಿನ ಕೆಳಗೆ ಮರದ ವರ್ಷಗಳ ಗೆರೆ. ಬೆಟ್ಟದ ಕಡೆ ಗೆರೆ ಅಗಲ, ಹಳ್ಳದ ಕಡೆ ಒತ್ತು. ಮರದ ತಿರುಳು ಹಳ್ಳದ ಕಡೆಗೇ ಸರಿದಿರುತ್ತದೆ. ಒಂದು ಕತ್ತಿಯೇಟಿಗೆ ಎಲ್ಲ ಓದಬಹುದು. ಗೌಸ್ ಪೀರ್ ಕತ್ತಿ ತೆಗೆದುಕೊಂಡರು.

“ಅದ್ಯಾಕ್ ಸಾಬ್ರೇ, ಅದು ಬ್ಯಾಡ ಅಂದ್ರಲ್ಲ.”

“ವಿಂಗಡ ಮಾಡಿ ನೋಡ್ಬೇಕು. ಬೆಟ್ಟದ ಮಗ್ಗುಲು ಕೆಟ್ಟದ್ಯೋ ಹಳ್ಳದ್ದೋ. ಹಳ್ಳದ್ದಾದ್ರೆ ಹೋಗ್ಲಿ.”

ಕತ್ತಿಯ ಅಲಗು ಮುದ್ದಯ್ಯನ ಕೋಲಿನ ಅರಗಿಗೆ ತಾಗಿತು. ಅರಗು ಚೂರುಚೂರಾಗಿ ಉದುರಿತು. ಒಣಗಿದ ಸಗಣಿ ಕಾಣಿಸಿತು. ಮುದ್ದಯ್ಯನಿಗೆ ಆಗ ಒಂದು ವಿಚಿತ್ರ ಹೊಳೆಯಿತು: ಕಂಡುಹಿಡಿದರೆ ಕಳ್ಳ, ಮೊದಲೇ ಹೇಳಿದರೆ, ತಪ್ಪು ಒಪ್ಪಿಕೊಂಡ ದೊಡ್ಡ ಮನುಷ್ಯ. ಎರಡಕ್ಕೂ ನಡುವೆ ಕತ್ತಿಯ ಇನ್ನೆರಡು ಏಟಿನಷ್ಟು ಕಾಲ ಉಳಿದಿತ್ತು.

“ನಿಲ್ಸಿ ಸಾಬ್ರೇ,” ಎಂದ. ಅವನ ದನಿ ಅವನಿಗೇ ಚೆನ್ನಾಗಿ ಕೇಳಿಸಿತು, ನಾಟಕದ ರಾಜನದರಂತೆ. “ಸುಣ್ಣ ಅಳಿಸ್ದೋನು ನಾನು. ಹೋದ ಮಾಘ ಇವ್ನು ನೀರು ಕುಡಿಯಕ್ಕೋದಾಗ ಅಳಿಸ್ಬುಟ್ಟು ಈ ಕಡೀಕೆ ಬಳ್ದೆ. ಬೆಟ್ಟದ ಮಗ್ಗುಲು ಇವಂದು. ನಾನ್ ತಕ್ಕಂಡೆ. ಹಳ್ಳದ್ದು ಇವ್ನಿಗೆ ಕೊಟ್ಟೆ.”

ಎದೆ ಹಗುರಾಯಿತು. ಕಣ್ಣಲ್ಲಿ ನೀರು ಬರಬಹುದೆಂದು ಕಾದ; ಬಂದರೆ ಒರೆಸಿಕೊಳ್ಳಬಾರದೆಂದೂ ನಿರ್ಧರಿಸಿದ. ಮರಿಸಿದ್ದಯ್ಯ ಏನಾದರೂ ಅನ್ನಬಹುದೆಂದು, ಅನ್ನಬೇಕಾದದ್ದೆಂದು, ತಲೆ ತಗ್ಗಿಸಿ ನಿಂತ. ಗೌಸ್ ಪೀರ್ ಕತ್ತಿಯನ್ನು ನಿಲ್ಲಿಸಿರಲಿಲ್ಲ. ಸಗಣಿಯನ್ನು ಕೆರೆದು, ಕೊನೆಯ ಬೆರಳಗಲವನ್ನು ಸವರಿ, ಹೆಬ್ಬೆರಳಿಗೆ ಎಂಜಲು ಹಚ್ಚಿಕೊಂಡು ಆ ಹಸಿಬಿಸಿ ತುದಿಯನ್ನು ಉಜ್ಜಿದರು. ಒತ್ತಾದ ಗೆರೆಗಳು. ಒಂದು ಅಂಚಿಗೆ ಸರಿದು, ಅಕ್ಕಿಕಾಳಿನಷ್ಟು ಮಾಸಲು ತಿರುಳು.

“ಯಾವ ಬೆಟ್ಟದ ಮಗ್ಗುಲಯ್ಯ?” ಎಂದರು. “ಹಳ್ಳದ್ದು ಇದು.”

ಮುದ್ದಯ್ಯ ನೋಡಿದ. ಅದು ಹಳ್ಳದ್ದೇ. ಹತ್ತು ವರ್ಷದ ಹುಡುಗನಿಗೂ ತಿಳಿಯುವಂಥ ಹಳ್ಳದ್ದು. ಮರಿಸಿದ್ದಯ್ಯನ ಕೋಲಿನ ತುದಿ ಕೆತ್ತಿದರು. ಗೆರೆಗಳು ಅಗಲವಾಗಿ, ತಿರುಳಿಲ್ಲದೆ, ಬೆಳ್ಳಗೆ ನಕ್ಕವು.

“ಇದೆಂಗಾಯ್ತು,” ಎಂದ ಮುದ್ದಯ್ಯ. “ನಾನೇ ಕೈಯಾರೆ…”

“ನೀನು ಅಳುಸ್ತೀಯೆ ಅಂತ ಗೊತ್ತಿತ್ತು ಬಾವ,” ಎಂದ ಮರಿಸಿದ್ದಯ್ಯ. ಅವನು ಕಂಬಳಿಯನ್ನು ಉದ್ದಕ್ಕೆ ಮಡಿಸುತ್ತಿದ್ದ; ಅಂಚಿಗೆ ಅಂಚು ಸರಿಯಾಗಿ ಕೂರುವಂತೆ. “ಅದ್ಕೇ ನಾನು ಮೊದ್ಲೇ ಹಳ್ಳದ ಕಡೀಕೆ ಬಳ್ದಿದ್ದೆ. ನೀನು ಅಳಿಸ್ಬುಟ್ಟು ಬೆಟ್ಟದ ಕಡೀಕೆ ಬಳ್ದೆ. ಸುಣ್ಣದ್ದು ನನ್ನ ಸರದಿ. ತಕ್ಕಂಡು ಓದೆ.”

“ನಾನು ಅಳಿಸ್ದೆ ಇದ್ದಿದ್ರೆ?”

“ಹಳ್ಳದ್ದೇ ತಕ್ಕಂಡು ಓಯ್ತಿದ್ದೆ. ಅಂಗಾಗಕ್ಕಿಲ್ಲ ಅನ್ನೋದು ಗೊತ್ತಿತ್ತು.”

“ಅದೆಂಗ್ಲಾ ಗೊತ್ತಿತ್ತು ನಿಂಗೆ?”

ಮರಿಸಿದ್ದಯ್ಯ ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡ. “ಅಕ್ಕ ಏಳಿದ್ಲು.”

ಮುದ್ದಯ್ಯ ಆ ಮಾತನ್ನು ಆಗ ಕೇಳಿಸಿಕೊಳ್ಳಲಿಲ್ಲ. ಅದು ಅವನೊಳಗೆ ಇಳಿಯಲು ಬಹಳ ಹೊತ್ತು ಹಿಡಿಯಿತು. ಆ ಹೊತ್ತಿಗೆ ಅವನ ತಲೆಯಲ್ಲಿದ್ದದ್ದು ಇನ್ನೊಂದು. ಮರ ಅವನ ಮುಂದೆಯೇ ಮರಳಿನ ಮೇಲೆ ಬಿದ್ದಿತ್ತು. ತುದಿ ಕೊಡಲಿಯೇಟಿಗೆ ಚೆದುರಿದ್ದರೂ ತಿರುಳು ಕಾಣುತ್ತಿತ್ತು, ಗೆರೆ ಕಾಣುತ್ತಿತ್ತು, ಬಗ್ಗಿ ನೋಡಿದ್ದರೆ ಒಂದು ಉಸಿರಿನ ಕೆಲಸ. ಮೂವತ್ತು ವರ್ಷ ಬೆಟ್ಟ ಸುತ್ತಿ, ತೊಗಟೆ ನೋಡಿ ಒಳಗಿನದು ಹೇಳುವವನೆಂದು ಹೆಸರಾದವನು, ಆ ಗಳಿಗೆಯಲ್ಲಿ ಸುಣ್ಣವನ್ನು ನೋಡಿದ್ದ. ಬಾಮೈದನ ಬೆನ್ನು ನೋಡಿದ್ದ. ಮರ ನೋಡಿರಲಿಲ್ಲ. ಕದಿಯುವುದರಲ್ಲಿಯೂ ಒಂದು ಕಸುಬು ಇರಬೇಕಲ್ಲ, ಅದೂ ಇರಲಿಲ್ಲ. ಈಗ ಇವರಿಗೆ ಏನನ್ನು ಒಪ್ಪಿಕೊಂಡಂತಾಯಿತು? ಕಳೆದುಕೊಂಡದ್ದನ್ನು ಕದ್ದೆನೆಂದು ಹೇಳಿ, ಕದ್ದದ್ದಕ್ಕೆ ಗೌರವ ಕೇಳಿ, ಕೈ ಬರಿದು ಮಾಡಿಕೊಂಡು ನಿಂತದ್ದಾಯಿತು. ಮಾತು ಕಮ್ಮಿ ಆಡಿ. ಸುಮ್ಮನಿದ್ದಿದ್ದರೆ, ಗೌಸ್ ಪೀರ್ ತುದಿ ಕೆತ್ತಿ, ಹಳ್ಳದ್ದು, ಹೋಗಲಿ ಬಿಡು ಎಂದು ಎಸೆಯುತ್ತಿದ್ದರು. ಬೆಲ್ಲದ ಕತೆಯೊಂದೇ ಉಳಿಯುತ್ತಿತ್ತು. ಮರಿಸಿದ್ದನೂ ತಾನು ಮಾಡಿದ್ದನ್ನು ತಾನಾಗಿ ಬಾಯಿಬಿಡುತ್ತಿರಲಿಲ್ಲ. ಆಗ ಅಕ್ಕನ ಮಾತು ಒಳಗಿಳಿಯಿತು. ಚಿಕ್ಕನಂಜಮ್ಮ ಯಾವತ್ತು ಹೇಳಿದಳು? ಹೋದ ಮಾಘಕ್ಕೆ ಮೊದಲೇ? ಹಾಗಾದರೆ ಬೆಟ್ಟಕ್ಕೆ ಹೊರಟ ಬೆಳಿಗ್ಗೆ ಅವಳು ಗಂಡನ ಎಲೆಅಡಿಕೆ ಚೀಲಕ್ಕೆ ತಾನೇ ಸುಣ್ಣ ತುಂಬಿಕೊಟ್ಟದ್ದು? ತುಂಬಿದ್ದಳು. ಕಟ್ಟಿ, ಗಂಟು ಬಿಗಿ ನೋಡಿ, ಕೈಗೆ ಕೊಟ್ಟಿದ್ದಳು. ಆ ಎರಡು ಹಳೆಯ ವರ್ಷಗಳು ಒಂದರ ಹಿಂದೆ ಒಂದು ಬಂದು ಅವನ ಮುಂದೆ ಕೂತವು. ಅವುಗಳಲ್ಲಿಯೂ ಅವಳು ಚೀಲ ಕಟ್ಟಿಕೊಡುತ್ತಿದ್ದಳು.

“ನಿಮ್ಮಿಬ್ರ ಸುಣ್ಣದ ಪುರಾಣ ನನಗ್ಬೇಡ,” ಎಂದರು ಗೌಸ್ ಪೀರ್. “ಅವ್ನು ಅಳಿಸ್ದ, ಇವ್ನು ಮೊದ್ಲೇ ಸುಳ್ಳು ಬಳ್ದ. ಬಾವ ಬಾಮೈದ ಸರಿಯಾಗಿ ಸಿಕ್ಕವ್ರೆ.” ಮರಿಸಿದ್ದಯ್ಯನ ಕೋಲನ್ನು ಬಡಿದು, ಕೆನ್ನೆಗೆ ತಾಗಿಸಿ ತಂಪು ನೋಡಿದರು. “ಇನ್ನೊಂದು ಮಳೆ ಕಾಣ್ಬೇಕು ಇದು. ಇಲ್ಲೇ ಇರ್ಲಿ. ದೊರೆಗೆ ಆಗಲ್ಲ ಅಂತ ಹೇಳ್ತೀನಿ. ಅವ್ರು ಹಂದಿಗೆ ಹೇಳ್ಕೊಳ್ಲಿ.” ಆಮೇಲೆ ಮುದ್ದಯ್ಯನ ಕಡೆ ತಿರುಗಿದರು. ಕೋಪವೇನೂ ಇರಲಿಲ್ಲ ಮುಖದಲ್ಲಿ; ಕೋಪವಿದ್ದಿದ್ದರೆ ಎದುರು ನಿಲ್ಲಬಹುದಿತ್ತು. “ನೀನು ಇನ್ಮೇಲೆ ಮರ ತರಬೇಡ. ಸುಣ್ಣ ಅಳಿಸಿದ್ದಕ್ಕಲ್ಲ. ನಿಮ್ಮಪ್ಪನೂ ಅಳಿಸ್ತಿದ್ದ. ಆದ್ರೆ ಅವ್ನು ಮರ ನೋಡಿ ಅಳಿಸ್ತಿದ್ದ.”

“ಸಾಬ್ರೇ, ಮೂವತ್ತೊರ್ಸದಿಂದ…”

“ಇರುವೆ ಒಳಗೆ ಬರ್ತವೆ. ಕೋಲು ಆಚೆ ತಗೊಂಡೋಗು.”

ಅವರು ತೊಟ್ಟಿಲ ಇನ್ನೊಂದು ಕಾಲಿಗೆ ಮರ ಹಚ್ಚಿದರು. ಮುದ್ದಯ್ಯ ಕೋಲನ್ನು ಎತ್ತಿಕೊಂಡು ಬೀದಿಗೆ ಬಂದ. ಇರುವೆಗಳು ಅವನ ಕೈಗೂ ಹತ್ತಿದವು. ಕಚ್ಚಲಿಲ್ಲ, ಮೊಣಕೈಯವರೆಗೆ ಬಂದು, ಅಲ್ಲಿ ಏನೂ ಇಲ್ಲವೆಂದು ಕಂಡು, ಹಿಂದಕ್ಕೆ ಹೋದವು. ಹಿಂದಿನಿಂದ ಬಂದ ಮರಿಸಿದ್ದಯ್ಯ ಒಂದು ಗಳಿಗೆ ಅವನ ಪಕ್ಕದಲ್ಲಿ ನಿಂತ. ಏನಾದರೂ ಬೈಯಲಿ ಎಂದು ಮುದ್ದಯ್ಯ ಕಾದ.

“ಕಾಫಿ ಕುಡೀತೀಯ ಬಾವ?” ಎಂದ ಮರಿಸಿದ್ದಯ್ಯ.

“ಬ್ಯಾಡ.”

“ಸರಿ ಬುಡು.” ಅವನು ಪೇಟೆಯ ಕಡೆ ಹೊರಟುಹೋದ.

ಆ ಸಂಜೆ ಊಟಕ್ಕೆ ಕೂತಾಗ ಚಿಕ್ಕನಂಜಮ್ಮ ಕೋಲಿನ ವಿಷಯ ಕೇಳಲಿಲ್ಲ. ಅವಳಿಗೆ ಸುದ್ದಿ ಬಂದಿತ್ತೋ ಇಲ್ಲವೋ ಅವಳ ಮುಖದಲ್ಲಿ ತಿಳಿಯಲಿಲ್ಲ. ಮುದ್ದೆ ಹಾಕಿದಳು. ಅವರೆಕಾಳಿನ ಸಾರು ಹಾಕಿದಳು. ಅವನು ಮರಿಸಿದ್ದನ ಮಾತನ್ನು ಎತ್ತಬೇಕೆಂದು ಮೂರು ಸಲ ಬಾಯಿ ತೆರೆದ. ಮೂರು ಸಲವೂ ಅದರೊಳಕ್ಕೆ ತುತ್ತು ಹೋಯಿತು. ಕೇಳಿದರೆ ಅವಳು ಹೌದು ಎನ್ನುತ್ತಾಳೆ. ಅಷ್ಟನ್ನೇ ಅನ್ನುತ್ತಾಳೆ. ಹೌದು ಎಂಬುದರ ಒಳಗಿನ ಕೋಣೆಯಲ್ಲಿ ತಾನು ಇಪ್ಪತ್ತೆಂಟು ವರ್ಷದಿಂದ ಏನಾಗಿ ಕಂಡಿದ್ದೇನೆಂಬುದು ಇರುತ್ತದೆ. ಸಾಕೇ ಎಂದು ಕೇಳಿಯಾಳೆಂದು ಅವನು ತಟ್ಟೆ ನೋಡುತ್ತ ಕಾದ. ಅವಳು ಪಾತ್ರೆ ಎತ್ತಿಕೊಂಡು ಎದ್ದಳು.

ಆ ಮಾಘದ ಕತ್ತಲ ಪಕ್ಷದಲ್ಲಿ ಮರಿಸಿದ್ದಯ್ಯ ಬೆಟ್ಟಕ್ಕೆ ಒಬ್ಬನೇ ಹೋದ. ಬುತ್ತಿ ಕಟ್ಟಿಕೊಟ್ಟವಳು ಚಿಕ್ಕನಂಜಮ್ಮ.